ಅಕ್ಕನ ಹದಿಮೂರು ನಿಮಿಷ

ಚೋಟು ಕೆಂಪು ಕಾರ್ಡನ್ನು ಎತ್ತಿ ಹಿಡಿದಳು.

ಕನ್ನಡಕದ ಹುಡುಗನ ಬಾಯಿ ತೆರೆದದ್ದು ತೆರೆದೇ ಉಳಿಯಿತು. "ಇನ್ನೊಂದೇ ಒಂದು ಮಾತು ಮೇಡಂ..."

"ಟೈಮ್ ಮುಗೀತು. ಕೂತ್ಕೊಳ್ಳಿ," ಎಂದರು ಜಡ್ಜ್ ಮೇಡಂ.

ಹುಡುಗ ಕೂತ. ಅವನ ಕೈಯಲ್ಲಿ ಎರಡು ಹಾಳೆ ಹಾಗೇ ಉಳಿದಿದ್ದವು.

ಚೋಟು ಕುರ್ಚಿಯಲ್ಲಿ ಒಂದು ಇಂಚು ಎತ್ತರವಾದಳು. ಎರಡನೇ ಪಿಯುಸಿ ಹುಡುಗನನ್ನು ಹತ್ತು ವರ್ಷದವಳೊಬ್ಬಳು ಒಂದು ತುಂಡು ರಟ್ಟು ತೋರಿಸಿ ಕೂರಿಸುವುದೆಂದರೆ ಸಣ್ಣ ಮಾತೇ?

ಅದು ಯೂನಿವರ್ಸಿಟಿಯಲ್ಲಿ ನಡೆಯುತ್ತಿದ್ದ ಮೂಟ್ ಕೋರ್ಟ್ ಫೈನಲ್. ಕೋರ್ಟು ಆಟದ್ದು, ವಾದ ನಿಜದ್ದು. ಗೆದ್ದವರಿಗೆ ಇದೇ ಯೂನಿವರ್ಸಿಟಿಯಲ್ಲಿ ಐದು ವರ್ಷ ಲಾ ಓದಲು ಸ್ಕಾಲರ್‌ಶಿಪ್. ಒಬ್ಬರಿಗೆ ಮಾತ್ರ. ಕೊನೆಗೆ ಉಳಿದವರು ಇಬ್ಬರು: ಕನ್ನಡಕದ ಹುಡುಗ, ಚೋಟುವಿನ ಅಕ್ಕ.

ಟೈಮ್ ನೋಡಬೇಕಿದ್ದ ಹುಡುಗಿಗೆ ಬೆಳಿಗ್ಗೆಯೇ ಜ್ವರ ಬಂದಿತ್ತು. ಸ್ಪರ್ಧೆ ನಡೆಸುತ್ತಿದ್ದ ಮಿಸ್, ಅಪ್ಪ ಅಮ್ಮನ ನಡುವೆ ಕೂತಿದ್ದ ಚೋಟುವನ್ನೇ ಎಳೆದುಕೊಂಡು ಬಂದು ಕೈಗೆ ಸ್ಟಾಪ್‌ವಾಚ್ ಕೊಟ್ಟಿದ್ದರು.

"ಮಿಸ್, ಒಬ್ಬಳು ನನ್ನ ಸ್ವಂತ ಅಕ್ಕ!"

"ಆದ್ರೇನೀಗ? ವಾಚಿಗೆ ನೆಂಟರು ಯಾರೂ ಇಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಜಡ್ಜ್ ನಡುವೆ ಪ್ರಶ್ನೆ ಕೇಳಿದ್ರೂ ವಾಚ್ ನಿಲ್ಲಿಸಬಾರದು. ಹತ್ತಾದ ಕೂಡ್ಲೇ ಕೆಂಪು ಕಾರ್ಡ್. ಅಷ್ಟೇ."

ಈಗ ಅಕ್ಕ ಎದ್ದಳು. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ನಾಲ್ಕು. ಚೋಟು ವಾಚಿನ ಗುಂಡಿ ಒತ್ತಿದಳು.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಇವತ್ತು ಅಕ್ಕನ ಕೋಟಿನ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು, ಅಷ್ಟು ಚೂಪು. ಅಪ್ಪ ಲಿಫ್ಟ್ ರಿಪೇರಿಯವನು. ಕೇಸೂ ಲಿಫ್ಟಿನದೇ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು, ಒಳಗಿದ್ದ ಹುಡುಗಿಗೆ ಪರೀಕ್ಷೆ ತಪ್ಪಿದೆ. ಇದು ಕಟ್ಟಡದ ಮಾಲೀಕನ ತಪ್ಪೋ ಅಲ್ಲವೋ? ಮಾಲೀಕನದೇ ತಪ್ಪು ಎಂದು ಅಕ್ಕ ವಾದಿಸಬೇಕು. ಒಂದು ತಿಂಗಳು ಅವಳು ಕನ್ನಡಿಯ ಮುಂದೆ ವಾದ ಮಾಡಿದ್ದಳು. "ಲಿಫ್ಟಿನ ಮೇಲೆ ಕೇಸ್ ಹಾಕ್ಬೇಡ್ವೇ, ಅದು ನಮ್ಮ ಅನ್ನದಾತ!" ಎಂದು ಅಪ್ಪ ಊಟ ಮಾಡುತ್ತಲೇ ನಗುತ್ತಿದ್ದ.

ಅಕ್ಕ ಚೆನ್ನಾಗಿಯೇ ಮಾತಾಡುತ್ತಿದ್ದಳು. ಅಷ್ಟರಲ್ಲಿ ಜಡ್ಜ್ ಮೇಡಂ ಪೆನ್ ಕೆಳಗಿಟ್ಟರು.

"ಒಂದು ನಿಮಿಷ. ಲಿಫ್ಟ್ ಕೆಡುತ್ತೆ ಅಂತ ಮಾಲೀಕರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಅವರು ಹೊಣೆ ಹೇಗಾಗ್ತಾರೆ?"

ಅಕ್ಕ ಸುಮ್ಮನಾದಳು.

ಹಾಳೆ ತಿರುವಿದಳು. ಮತ್ತೆ ತಿರುವಿದಳು. ಮೂರನೇ ಸಾಲಿನಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚೋಟು ಎರಡೂ ಕೈಯಿಂದ ವಾಚನ್ನು ಹಿಸುಕುತ್ತಿದ್ದಳು. ಹೇಳು ಅಕ್ಕ, ಹೇಳು, ಏನಾದ್ರೂ ಹೇಳು!

ಕೊನೆಗೆ ಅಕ್ಕ ತಲೆ ಎತ್ತಿದಳು. ಚೋಟುವಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

"ಮೇಡಂ, ತಿಂಗಳಿಗೊಮ್ಮೆ ಚೆಕ್ ಮಾಡಬೇಕು ಅಂತ ಆ ಲಿಫ್ಟಿನ ಗೋಡೆಯ ಮೇಲೇ ಬೋರ್ಡಿದೆ. ಎಂಟು ತಿಂಗಳಿಂದ ಯಾರೂ ಮುಟ್ಟಿಲ್ಲ. ಕಣ್ಣು ಮುಚ್ಚಿಕೊಂಡು ಕೂತವರು ಕತ್ತಲೆಯಿತ್ತು ಅನ್ನೋ ಹಾಗಿಲ್ಲ."

ಹಾಲ್ ತುಂಬಾ ಚಪ್ಪಾಳೆಯೋ ಚಪ್ಪಾಳೆ. ಚೋಟು ನಗುತ್ತಾ ವಾಚಿನ ಕಡೆ ನೋಡಿದಳು.

ಏಳು ನಿಮಿಷ ನಲವತ್ತು ಸೆಕೆಂಡು.

ಅಂಕಿ ಓಡುತ್ತಿರಲಿಲ್ಲ.

ಅಕ್ಕ ಸುಮ್ಮನಾದ ಗಳಿಗೆಯಲ್ಲಿ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಅವಳು ಮತ್ತೆ ಒತ್ತಿದಳು. ಅಂಕಿ ಏನೂ ಆಗದ ಹಾಗೆ ಓಡತೊಡಗಿತು. ಅಕ್ಕ ಮಾತು ಮುಗಿಸಿ ಕೂತಾಗ ವಾಚಿನಲ್ಲಿ ಎಂಟು ನಿಮಿಷವೂ ಚಿಲ್ಲರೆ. ಗೋಡೆಯಲ್ಲಿ ನಾಲ್ಕು ಹದಿಮೂರು.

ಕನ್ನಡಕದ ಹುಡುಗನನ್ನೂ ಮೇಡಂ ನಡುವೆ ಪ್ರಶ್ನೆ ಕೇಳಿದ್ದರು. ಅವನೂ ತಡವರಿಸಿದ್ದ. ಆಗ ವಾಚ್ ಒಂದು ಸೆಕೆಂಡೂ ನಿಂತಿರಲಿಲ್ಲ.

ಮೇಡಂ ಅಕ್ಕನ ಹೆಸರು ಕರೆದಾಗ ಅಪ್ಪ ಸೀಟಿನ ಮೇಲೆ ಹತ್ತಿ ನಿಂತ. "ಇಳೀರಿ, ಮುರಿಯುತ್ತೆ!" ಎಂದು ಅಮ್ಮ ಅಳುತ್ತಲೇ ಬೈದಳು. "ಆ ಕೊನೇ ಉತ್ತರವೇ ಗೆಲ್ಲಿಸಿತು," ಎಂದರು ಜಡ್ಜ್ ಮೇಡಂ. ಚೋಟುವಿಗೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಅಕ್ಕ ಹೊರಗೆ, ನೀರಿನ ಫಿಲ್ಟರಿನ ಹತ್ತಿರ ಒಬ್ಬಳೇ ಇದ್ದಳು.

"ಅಕ್ಕಾ, ವಾಚ್ ನಿಂತೋಗಿತ್ತು. ನಾನೇ ಒತ್ತಿಬಿಟ್ಟೆ. ಬೇಕೂಂತ ಅಲ್ಲ! ನಿಂಗೆ ಹದಿಮೂರು ನಿಮಿಷ ಸಿಕ್ತು."

ಅಕ್ಕ ಕೂಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದಳು ಚೋಟು.

"ಗೊತ್ತು," ಎಂದಳು ಅಕ್ಕ.

"ಏನು?"

"ನನ್ನ ವಾಚ್ ನನ್ನ ಮುಂದೇನೇ ಇತ್ತಲ್ಲ. ಹತ್ತಾಯ್ತು. ನಿನ್ನ ಕಡೆ ನೋಡ್ದೆ. ನೀನು ಕಾರ್ಡ್ ಎತ್ಲಿಲ್ಲ. ಮಾತಾಡ್ದೆ."

ಬ್ಯಾಡ್ಮಿಂಟನ್ ಆಡುವಾಗ ಯಾರೂ ನೋಡದಿದ್ದರೂ "ಔಟ್, ಪಾಯಿಂಟ್ ನಿಂದೇ" ಎಂದು ತಾನೇ ಕೂಗುತ್ತಿದ್ದವಳು ಇವಳೇನಾ?

"ಕಾರ್ಡ್ ಎತ್ತೋವರೆಗೂ ಮಾತಾಡಬಹುದು. ರೂಲ್ ಅದು," ಎಂದಳು ಅಕ್ಕ, ಲೋಟದೊಳಗೆ ನೋಡುತ್ತಾ. "ಎತ್ತೋದು ನಿನ್ನ ಕೆಲಸ. ನಂದಲ್ಲ."

"ಮತ್ತೆ ಆ ಹುಡುಗ?"

"ಚೋಟು, ಪ್ಲೀಸ್. ಅಪ್ಪನ ಮುಖ ನೋಡಿದ್ಯಾ?"

ನೋಡಿದ್ದಳು.

ಅಷ್ಟರಲ್ಲಿ ಕನ್ನಡಕದ ಹುಡುಗನೇ ಬಂದ. ಕಣ್ಣು ಕೆಂಪಾಗಿದ್ದರೂ ನಕ್ಕ.

"ಕಂಗ್ರಾಟ್ಸ್. ನಿಮ್ಮ ಆ ಉತ್ತರ ಸೂಪರ್. ನಂದೂ ಒಳ್ಳೇ ಪಾಯಿಂಟ್ ಒಂದಿತ್ತು, ಟೈಮ್ ಹಂಚಿಕೊಳ್ಳೋಕೆ ಬರಲಿಲ್ಲ. ನನ್ನದೇ ತಪ್ಪು." ಆಮೇಲೆ ಚೋಟುವಿನ ಕಡೆ ತಿರುಗಿದ. "ನೀನು ಭಾರೀ ಸ್ಟ್ರಿಕ್ಟಪ್ಪಾ! ಒಂದು ಸೆಕೆಂಡೂ ಬಿಡ್ಲಿಲ್ಲ."

ಅವನು ಹೋದ. ಅಕ್ಕನ ಲೋಟದಿಂದ ನೀರು ನೆಲಕ್ಕೆ ಚೆಲ್ಲಿತು. ಅವಳಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ.

"ಇಲ್ಲಿದ್ದೀರಾ! ಊರೆಲ್ಲಾ ಹುಡುಕಿದೆ," ಎನ್ನುತ್ತಾ ಮಿಸ್ ಓಡಿಬಂದರು. ಕೈಯಲ್ಲಿ ಪ್ಯಾಡು, ಪೆನ್ನು. "ಟೈಮ್ ಕೀಪರ್ ಸೈನ್ ಇಲ್ದೆ ರಿಸಲ್ಟ್ ಆಫೀಸಿಗೆ ಹೋಗಲ್ವಂತೆ. ಎಲ್ಲಾ ನಾನೇ ತುಂಬಿದ್ದೀನಿ. ನೀನು ಇಲ್ಲೊಂದು ಸೈನ್ ಗೀಚಿಬಿಡು."

ಹಾಳೆಯಲ್ಲಿ ಎರಡು ಚೌಕ. ಒಂದರಲ್ಲಿ ಹತ್ತು. ಇನ್ನೊಂದರಲ್ಲೂ ಹತ್ತು. ಕೆಳಗೆ ಅಚ್ಚಾಗಿತ್ತು: "ಇಬ್ಬರಿಗೂ ಸಮನಾದ ಸಮಯ ಕೊಟ್ಟಿದ್ದೇನೆ."

ಚೋಟು ಇದುವರೆಗೆ ಎಲ್ಲೂ ಸೈನ್ ಹಾಕಿದವಳಲ್ಲ. ಅವಳು ಅಕ್ಕನ ಕಡೆ ನೋಡಿದಳು. ಒಂದು ತಿಂಗಳಿಂದ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಅಕ್ಕ ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗೋಡೆ ನೋಡುತ್ತಿದ್ದಳು.

ಒಳಗೆ ಅಪ್ಪನ ನಗು ಕೇಳುತ್ತಿತ್ತು. ಯಾರಿಗೋ ಫೋನ್ ಮಾಡುತ್ತಿದ್ದ. "ಹೂಂ, ಲಾಯರ್! ನಮ್ಮ ಮನೇಲಿ!"

ಚೋಟು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಇಲ್ಲಿಯವರೆಗೆ ಆದದ್ದು ಅದರ ಕೆಲಸ. ಇನ್ನು ಬರೆಯುವುದು ಮಾತ್ರ ಅದರದಲ್ಲ, ತನ್ನದು.

ಮಿಸ್ ಪೆನ್ನನ್ನು ಅವಳ ಬೆರಳುಗಳ ನಡುವೆ ಇಟ್ಟರು. ಚೋಟು ಅಚ್ಚಾದ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಯಾಕೆ ಪುಟ್ಟಾ? ಪೆನ್ ಬರೀತಿಲ್ವಾ?"

"ಬರೆಯುತ್ತೆ ಮಿಸ್," ಎಂದಳು ಚೋಟು. ಪೆನ್ನನ್ನು ವಾಪಸ್ ಪ್ಯಾಡಿನ ಮೇಲಿಟ್ಟಳು. "ನಾನು ಹಾಕಲ್ಲ."