ಮೂರನೆಯ ವೃತ್ತ

"ನನ್ನ ಗಂಡ ಬಾಯಿಬಡುಕ, ಒಪ್ಕೋತೀನಿ. ಆದ್ರೆ ಕೊಲೆಗಾರ ಅಲ್ಲ ಅಮ್ಮಾ!"

ಹೊಲದ ಯಜಮಾನನ ಹೆಂಡತಿ ಇಷ್ಟು ಹೇಳಿ ಗೋಡೆಗೊರಗಿ ಕುಸಿದಳು. ಬೆಳಿಗ್ಗೆ ಒಂಬತ್ತು ಗಂಟೆ ಇನ್ನೂ ಆಗಿರಲಿಲ್ಲ. ಪೊಲೀಸರಿಗಾಗಿ ನೀರಿನ ಟ್ಯಾಂಕಿನ ಮೇಲಿಂದ ಹೊಲದ ಚಿತ್ರ ತೆಗೆದು ನೇರವಾಗಿ ಅತ್ತಿಗೆಯ ಮನೆಗೆ ಬಂದಿದ್ದ ಫೋಟೋಗ್ರಾಫರ್, ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಅವಳಿಗೆ ನೀರು ತಂದುಕೊಟ್ಟ. ಮದುವೆ ಮನೆಯ ನಗು ತೆಗೆದು ಅಭ್ಯಾಸವಾದ ಕೈ ಅವನದು. ತನಗೆ ಅಕ್ಷರ ಕಲಿಸಿದ ಮೇಷ್ಟ್ರ ಹೆಣದ ಚಿತ್ರ ತೆಗೆಯಬೇಕಾಗಿ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಅವನ ಅತ್ತಿಗೆ ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸರಪಳಿ ಹಿಡಿದು ನೆಲ ಅಳೆದವರು. ಊರವರ ಬಾಯಲ್ಲಿ ‘ಸರಪಳಿಯಮ್ಮ’. ನಿವೃತ್ತಿಯಾದ ಮೇಲೆ ನೆಲ ಬಿಟ್ಟು ಮನುಷ್ಯರನ್ನು ಅಳೆಯಲು ಶುರು ಮಾಡಿದ್ದಾರೆ ಎಂದು ಜನ ನಗುತ್ತಿದ್ದರು. ಆದರೆ ಗಂಟು ಬಿಗಿಯಾದಾಗ ಇನ್ಸ್‌ಪೆಕ್ಟರೇ ಅವರ ಮೆಟ್ಟಿಲು ಹತ್ತುತ್ತಿದ್ದರು. ಆಗೆಲ್ಲ ಜೊತೆಗೆ ಓಡಾಡುವುದು ಈ ಮೈದುನನ ಪಾಲಿಗೆ ಬಂದಿತ್ತು.

"ನಿಮ್ಮ ಯಜಮಾನರು ಮೇಷ್ಟ್ರಿಗೆ ಏನು ಅಂದಿದ್ರು?" ಅತ್ತಿಗೆ ಕೇಳಿದರು.

"ಇನ್ನೊಂದು ಸಲ ಹೊಲಕ್ಕೆ ಕಾಲಿಟ್ರೆ ಕಾಲು ಮುರೀತೀನಿ ಅಂದಿದ್ರು. ಮೊನ್ನೆ, ಎಲ್ಲರ ಎದುರಿಗೇ. ಬೆಳೆದು ನಿಂತ ಗೋಧಿ ಎರಡು ಸಲ ನೆಲಕಚ್ಚಿದ್ರೆ ಹೊಟ್ಟೆ ಉರಿಯೋದಿಲ್ವೇ ಅಮ್ಮಾ? ಈಗ ನಮ್ಮ ಪಂಪ್‌ಮನೆ ಮೆಟ್ಟಿಲ ಮೇಲೆ ರಕ್ತ ಸಿಕ್ಕಿದೆ ಅಂತ ಅವರನ್ನ ಎಳೆದುಕೊಂಡು ಹೋದ್ರು. ಸಂಜೆ ಐದಕ್ಕೆ ಮೇಷ್ಟ್ರ ಬಳಗದವರ ಸಭೆ ಇದೆ. ಈಗಾಗ್ಲೇ ನಮ್ಮ ಕಿಟಕಿಗೆ ಕಲ್ಲು ಬಿದ್ದಿದೆ. ಸಭೆ ಮುಗಿದ ಮೇಲೆ ಮನೆಗೆ ಬೆಂಕಿ ಬೀಳುತ್ತೆ."

ಅವಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಎರಡು ತಿಂಗಳ ಹಿಂದೆ ಅವರ ಗೋಧಿ ಹೊಲದಲ್ಲಿ ಮೊದಲ ವೃತ್ತ ಮೂಡಿತ್ತು: ದೂರ ದೂರ ಇರುವ ಎರಡು ದುಂಡನೆಯ ಬಿಲ್ಲೆ, ಅವುಗಳ ಸುತ್ತ ಏಳು ಉಂಗುರ. ನಿವೃತ್ತ ವಿಜ್ಞಾನ ಮೇಷ್ಟ್ರು ಅದನ್ನು ನೋಡಿ, ಇದು ಒಂದನ್ನೊಂದು ಸುತ್ತುತ್ತಿರುವ ಎರಡು ಕಪ್ಪುಕುಳಿಗಳ ಚಿತ್ರ ಎಂದರು. ಅವು ಸುತ್ತುವ ರಭಸಕ್ಕೆ ಆಕಾಶವೇ ಕಂಪಿಸಿ ಗುರುತ್ವದ ಅಲೆಗಳು ಏಳುತ್ತವೆ, ಉಂಗುರಗಳೆಂದರೆ ಆ ಅಲೆಗಳೇ, ಬಹುದೂರದವರು ಯಾರೋ ನಮಗೆ ಸುದ್ದಿ ಕಳಿಸುತ್ತಿದ್ದಾರೆ ಎಂದು ವಿವರಿಸಿದರು. ಎರಡನೆಯ ವೃತ್ತದಲ್ಲಿ ಬಿಲ್ಲೆಗಳು ಹತ್ತಿರ ಬಂದಾಗ ಊರು ಬೆರಗಾಯಿತು, ಸಂದೇಶ ನಂಬಿದವರ ಒಂದು ಬಳಗವೇ ಮೇಷ್ಟ್ರ ಸುತ್ತ ಸೇರಿತು. ಮೂರನೆಯದರಲ್ಲಿ ಎರಡೂ ಒಂದಾಗುತ್ತವೆ ಎಂದು ಮೇಷ್ಟ್ರು ಹೇಳಿಟ್ಟಿದ್ದರು. ಈ ದಿನ ಬೆಳಿಗ್ಗೆ ಅದು ಮೂಡಿತ್ತು, ಒಂದೇ ಬಿಲ್ಲೆ, ಏಳು ಉಂಗುರ. ನಟ್ಟನಡುವೆ ಮೇಷ್ಟ್ರು ಕೈಜೋಡಿಸಿದಂತೆ ಮಲಗಿದ್ದರು, ತಲೆಯ ಹಿಂಭಾಗ ಒಡೆದಿತ್ತು.

ಅತ್ತಿಗೆ ಮೊದಲು ಹೊಲಕ್ಕೆ ನಡೆದರು. ಪೊಲೀಸ್ ಹಗ್ಗದ ಆಚೆ ಮುನ್ನೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಫೋಟೋಗ್ರಾಫರ್ ಅವರ ಕಡೆ ನೋಡದೆ ಹಗ್ಗದ ಕೆಳಗೆ ನುಸುಳಿದ.

ಹೆಣ ಎತ್ತಿದ ಜಾಗದಲ್ಲಿ ಮಲಗಿದ್ದ ಗೋಧಿಯ ಕಡ್ಡಿಗಳ ಸಂದಿಗೆ ರಕ್ತ ಇಳಿದು ಮಣ್ಣಿಗೆ ಸೇರಿತ್ತು. ಅತ್ತಿಗೆ ಮಂಡಿಯೂರಿ ಕುಳಿತು ಅದನ್ನೇ ದಿಟ್ಟಿಸಿದರು.

"ಡಾಕ್ಟರ್ ಏನಂದ್ರು?"

"ಪೆಟ್ಟು ಬಿದ್ದ ಮೇಲೆ ಎರಡು ಗಂಟೆಯಾದ್ರೂ ಜೀವ ಇತ್ತಂತೆ ಅತ್ತಿಗೆ," ಎಂದ ಫೋಟೋಗ್ರಾಫರ್.

ಅತ್ತಿಗೆ ಎದ್ದು, ಮೂರೂ ವೃತ್ತಗಳ ನಡುಬಿಂದು ಹುಡುಕಿದರು. ಮೊದಲ ಎರಡರಲ್ಲಿ ಹೆಬ್ಬೆರಳು ಹೋಗುವಂಥ ಗೂಟದ ಗುಳಿ ಇತ್ತು. "ನೋಡಯ್ಯಾ, ಆಕಾಶದಿಂದ ಬಂದವರೂ ಗೂಟ ಹೊಡೆದು ಹಗ್ಗ ಹಿಡಿದೇ ಸುತ್ತಿದ್ದಾರೆ. ನಾನೂ ಹಾಗೇ ಮಾಡ್ತಿದ್ದೆ," ಎಂದರು. ಆದರೆ ನಗಲಿಲ್ಲ. ಮೂರನೆಯದರಲ್ಲಿ ಗುಳಿ ಸಣ್ಣದಿತ್ತು, ಪೆನ್ಸಿಲ್ ಹಿಡಿಸುವಷ್ಟು.

ಅಲ್ಲಿಂದ ಮೇಷ್ಟ್ರ ಮನೆಗೆ ಹೋದರು. ಮಗಳು ಶಾಲೆಯೊಂದರ ಆಟದ ಟೀಚರು. ಓಟದ ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನ ಬೆಳಿಗ್ಗೆಯೇ ಬೇರೆ ಊರಿಗೆ ಹೋದವಳು, ಸುದ್ದಿ ತಿಳಿದು ಆಗಷ್ಟೇ ಬಸ್ಸಿಳಿದಿದ್ದಳು. ಬಾಗಿಲ ಬಳಿ ಶೂ ಬಿಚ್ಚುವುದನ್ನೂ ಮರೆತು ಕೂತಿದ್ದಳು.

ಅವಳ ಪಕ್ಕದಲ್ಲಿ ಬೈಂಡರ್ ನಿಂತಿದ್ದ. ಊರಿನ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕುವವನು. ಮೇಷ್ಟ್ರ ಮೊದಲ ಶಿಷ್ಯ, ಬಳಗದ ಕಾರ್ಯದರ್ಶಿ. ಅಂಗಡಿಯ ಕೆಲಸ ಅರ್ಧ ಬಿಟ್ಟು, ಮನೆಯವರ ಜೊತೆ ಜಗಳ ಕಾಯ್ದು ಈ ಸಂದೇಶವನ್ನೇ ಉಸಿರಾಗಿಸಿಕೊಂಡಿದ್ದ.

"ಅವರನ್ನ ಯಾವಾಗ ಕೊನೇ ಸಲ ನೋಡಿದ್ರಿ?" ಅತ್ತಿಗೆ ಕೇಳಿದರು.

"ನಾಲ್ಕು ದಿನ ಆಯ್ತು ಅಮ್ಮಾ. ಅವರ ಹಳೇ ನೋಟ್‌ಬುಕ್ಕಿಗೆ ಬೈಂಡ್ ಹಾಕಿ ಕೊಟ್ಟೆ. ಆಮೇಲೆ ಭೇಟಿ ಆಗ್ಲೇ ಇಲ್ಲ." ಅವನ ಕಣ್ಣು ಕೆಂಪಾಗಿತ್ತು. "ಅವರು ಸತ್ತಿಲ್ಲ. ಅವರನ್ನ ಕರೆಸಿಕೊಂಡಿದ್ದಾರೆ."

ಆ ನೋಟ್‌ಬುಕ್ಕು ಮೇಜಿನ ಮೇಲಿತ್ತು. ಅತ್ತಿಗೆ ರಟ್ಟನ್ನು ಎತ್ತಿದಾಗ ಒಳಹಾಳೆ ಅಂಟಿಕೊಂಡು ಚರ್ ಎಂದು ಬಿಟ್ಟುಬಂತು. ಅವರು ಬೆರಳು ಮೂಸಿ ನೋಡಿಕೊಂಡು ಸೆರಗಿಗೆ ಒರೆಸಿಕೊಂಡರು. ಹಾಳೆಗಳ ನಡುವೆ ಒಂದು ಕಾಗದ ಸಿಕ್ಕಿತು. ಮೇಷ್ಟ್ರು ವೃತ್ತಗಳ ಫೋಟೋ ಕಳಿಸಿ ಅಭಿಪ್ರಾಯ ಕೇಳಿದ್ದ ಖಗೋಳ ವೀಕ್ಷಣಾಲಯದಿಂದ ಬಂದ ಉತ್ತರ. ಅತ್ತಿಗೆ ಗಟ್ಟಿಯಾಗಿ ಓದಿದರು:

"‘ಕಪ್ಪುಕುಳಿಗಳು ಹತ್ತಿರವಾದಂತೆಲ್ಲ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ಮೊದಲು ಹೊರಟ ವಿರಳ ಅಲೆಗಳು ಆಗಲೇ ದೂರ ಹೋಗಿರುತ್ತವೆ. ಆದ್ದರಿಂದ ಉಂಗುರಗಳ ನಡುವಿನ ಅಂತರ ಹೊರಗೆ ಅಗಲ, ಒಳಗೆ ಕಿರಿದು ಇರಬೇಕು. ನಿಮ್ಮ ಹೊಲದ ಚಿತ್ರಗಳಲ್ಲಿ ಅದು ತಲೆಕೆಳಗಾಗಿದೆ.’"

ಕಾಗದ ಇಟ್ಟಿದ್ದ ಪುಟದಲ್ಲೇ ಮೇಷ್ಟ್ರು ಇಪ್ಪತ್ತು ವರ್ಷದ ಹಿಂದೆ ಬರೆದ ಚಿತ್ರವಿತ್ತು: ಎರಡು ಬಿಲ್ಲೆ, ಏಳು ಉಂಗುರ, ಅದೇ ತಲೆಕೆಳಗಾದ ಅಂತರ. ಫೋಟೋಗ್ರಾಫರ್ ಮುಖ ಎತ್ತಿದಾಗ ಮಗಳು ನೆಲ ನೋಡುತ್ತಿದ್ದಳು.

ಹಿಂತಿರುಗುವ ದಾರಿಯಲ್ಲಿ ಅಂಚೆಯವನನ್ನು ನಿಲ್ಲಿಸಿ ವಿಚಾರಿಸಿದರು. ಆ ಕಾಗದವನ್ನು ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮೇಷ್ಟ್ರ ಕೈಗೇ ಕೊಟ್ಟನಂತೆ.

"ನೀನು ತೆಗೆದ ಮೂರೂ ವೃತ್ತದ ಫೋಟೋ ದೊಡ್ಡದಾಗಿ ಮಾಡಿಸು," ಎಂದರು ಅತ್ತಿಗೆ. "ಇನ್ಸ್‌ಪೆಕ್ಟರಿಗೆ ಹೇಳು, ನಾಲ್ಕೂವರೆಗೆ ಎಲ್ಲರೂ ಮೇಷ್ಟ್ರ ಹಳೇ ಪ್ರಯೋಗಶಾಲೆಗೆ ಬರಲಿ."

ನಾಲ್ಕೂವರೆಗೆ ಪ್ರಯೋಗಶಾಲೆಯ ಉದ್ದನೆಯ ಬೆಂಚುಗಳ ಮೇಲೆ ಆರು ಜನ ಕುಳಿತಿದ್ದರು: ಕೈಕೋಳ ತೊಟ್ಟ ಹೊಲದ ಯಜಮಾನ, ಅವನ ಹೆಂಡತಿ, ಮಗಳು, ಬೈಂಡರ್, ಡಾಕ್ಟರ್, ಇನ್ಸ್‌ಪೆಕ್ಟರ್. ಫೋಟೋಗ್ರಾಫರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕಿಟಕಿಯ ಆಚೆ ರಸ್ತೆ ತುಂಬ ಜನ ಸೇರುತ್ತಿದ್ದರು.

ಅತ್ತಿಗೆ ಕರಿಹಲಗೆಗೆ ಮೂರು ಫೋಟೋ ಅಂಟಿಸಿದರು.

"ಮೊದಲ ಎರಡನ್ನ ಬರೆದವರು ಇಲ್ಲೇ ಇದ್ದಾರೆ. ನಾನು ಹೇಳ್ಲೋ, ನೀನೇ ಹೇಳ್ತೀಯೋ ಮಗಳೇ?"

ಆಟದ ಟೀಚರ್ ಎದ್ದು ನಿಂತಳು. "ನಾನೇ. ಮೈದಾನಕ್ಕೆ ಗೆರೆ ಹಾಕೋ ಕಬ್ಬಿಣದ ಗೂಟ, ಹಗ್ಗ, ಒಂದು ಹಲಗೆ. ಅಮ್ಮ ಹೋದ್ಮೇಲೆ ಅಪ್ಪ ಗೋಡೆ ನೋಡ್ತಾ ಕೂತುಬಿಡ್ತಿದ್ರು. ಊಟ ಹಾಕಿದ್ರೆ ಊಟ, ಇಲ್ಲಾಂದ್ರೆ ಇಲ್ಲ. ಅವರ ನೋಟ್‌ಬುಕ್ಕಿನ ಚಿತ್ರ ಹೊಲದಲ್ಲಿ ಬರೆದೆ. ಮಾರನೇ ದಿನ ಪೆನ್ನು ಹುಡುಕಿದ್ರು." ಧ್ವನಿ ಒಡೆಯಿತು. "ಮೂರನೇದು ನಾನಲ್ಲ. ಆಣೆಗೂ ನಾನಲ್ಲ."

"ಗೊತ್ತಮ್ಮ. ಚಿತ್ರದ ಜೊತೆ ಅಪ್ಪನ ತಪ್ಪೂ ನಿನ್ನ ಕೈಗೆ ಬಂತು. ಮೊದಲ ಎರಡರಲ್ಲೂ ಒತ್ತಾದ ಉಂಗುರ ಹೊರಗಿವೆ. ಮೂರನೇದರಲ್ಲಿ ನೋಡಿ, ಒಳಗಿವೆ. ಅಂದ್ರೆ ಇದು ಸರಿಯಾದ ಚಿತ್ರ." ಅತ್ತಿಗೆ ಒಂದು ಕ್ಷಣ ನಿಂತರು. "ಎರಡು ತಿಂಗಳು ಊರಿಗೆ ಊರೇ ತಪ್ಪು ಚಿತ್ರ ನೋಡಿದೆ. ಸರಿ ಯಾವುದು ಅಂತ ಮೇಷ್ಟ್ರಿಗೆ ತಿಳಿದದ್ದೇ ನಿನ್ನೆ ಸಂಜೆ ನಾಲ್ಕಕ್ಕೆ. ಹಾಗಾದ್ರೆ ಇದನ್ನ ಬರೆದವರು ನಾಲ್ಕರ ಮೇಲೆ ಮೇಷ್ಟ್ರ ಜೊತೆ ಮಾತಾಡಿದವರೇ. ಮಗಳು ಬೇರೆ ಊರಲ್ಲಿದ್ದಳು. ಯಜಮಾನರು ಮಾತಾಡಿರಬಹುದು, ಆದ್ರೆ ಉಂಗುರ ತಿದ್ದಿ ಅವರಿಗೇನಾಗಬೇಕು? ತಮ್ಮ ಗೋಧಿಯನ್ನ ತಾವೇ ತುಳೀತಾರಾ?"

"ದೇವರಾಣೆಗೂ ಇಲ್ಲ," ಎಂದು ಯಜಮಾನ ಗೊಣಗಿದ.

"ತಿದ್ದೋ ಅಗತ್ಯ ಇದ್ದದ್ದು ಒಬ್ಬರಿಗೇ. ಈ ಸಂದೇಶ ಸುಳ್ಳಾದ್ರೆ ಯಾರ ಬದುಕೇ ಸುಳ್ಳಾಗುತ್ತೋ ಅವರಿಗೆ." ಅತ್ತಿಗೆ ನೋಟ್‌ಬುಕ್ಕನ್ನು ಬೈಂಡರ್‌ನ ಮುಂದಿಟ್ಟರು. "ನಾಲ್ಕು ದಿನದ ಹಿಂದೆ ಕೊಟ್ಟೆ ಅಂದ್ರಿ. ಇವತ್ತು ಬೆಳಿಗ್ಗೆ ಇದರ ಅಂಟು ಇನ್ನೂ ಹಸಿ ಇತ್ತು. ನಿಮ್ಮ ಕೆಲಸ, ನಿಮಗೇ ಗೊತ್ತಿರುತ್ತೆ, ಮುಚ್ಚಿಟ್ಟ ಪುಸ್ತಕದಲ್ಲೂ ಅಂಟು ಒಂದು ದಿನದ ಮೇಲೆ ಹಸಿಯಾಗಿರಲ್ಲ ಅಂತ. ಕಾಗದ ಬಂದ ಕೂಡಲೇ ಮೇಷ್ಟ್ರು ತಮ್ಮ ಹಳೇ ಚಿತ್ರ ನೋಡೋಕೆ ನಿಮ್ಮ ಅಂಗಡಿಗೇ ಬಂದ್ರು. ಇನ್ನು ನಡುವಿನ ಆ ಸಣ್ಣ ಗುಳಿ! ಪುಸ್ತಕಕ್ಕೆ ತೂತು ಹಾಕೋ ದಬ್ಬಳ ನಿಮ್ಮ ಅಂಗಡಿಯಲ್ಲಿ ಪೊಲೀಸರಿಗೆ ಸಿಕ್ಕಿದೆ. ಹಿಡಿಯವರೆಗೂ ಮಣ್ಣು ಮೆತ್ತಿದೆ."

ಇನ್ಸ್‌ಪೆಕ್ಟರ್ ಒಂದು ಬೆಂಚು ಮುಂದೆ ಸರಿದರು. ಬೈಂಡರ್ ಅಲುಗಾಡಲಿಲ್ಲ. ಹೊರಗೆ ಯಾರೋ ಅವನ ಹೆಸರು ಹಿಡಿದು ಕೂಗುತ್ತಿದ್ದರು, ಸಭೆಗೆ ಹೊತ್ತಾಗಿತ್ತು.

"ನಕ್ಕರು," ಎಂದ ಅವನು ಕೊನೆಗೆ. "ಚಿತ್ರ ನೋಡಿ ‘ಆಕಾಶ ನನ್ನ ತಪ್ಪನ್ನ ನಕಲು ಹೊಡೆಯಲ್ಲ ಕಣಪ್ಪಾ, ಇದು ನನ್ನ ಮಗಳ ಕೆಲಸ’ ಅಂದ್ರು. ನಾಳೆ ಸಭೇಲಿ ಎಲ್ಲರಿಗೂ ಹೇಳ್ತೀನಿ ಅಂದ್ರು. ಇನ್ನೊಂದು ಸಲ ಹೊಲ ನೋಡೋಣ ಬನ್ನಿ ಅಂತ ನಾನೇ ಕರೆದೆ, ಅಲ್ಲಿ ನಿಂತ್ರೆ ಮನಸ್ಸು ಬದಲಾಗಬಹುದು ಅಂತ. ಕಾಗದ ಸಮೇತ ನೋಟ್‌ಬುಕ್ಕನ್ನ ಮನೇಲಿಟ್ಟು ಬಂದ್ರು. ದಾರಿಯುದ್ದಕ್ಕೂ ನಗ್ತಾನೇ ಇದ್ರು, ಸಂತೋಷಕ್ಕೆ! ನಾನು ಎಲ್ಲ ಬಿಟ್ಟು ಅವರ ಹಿಂದೆ ಬಂದಿದ್ದೆ. ಪಂಪ್‌ಮನೆ ಹತ್ರ ಒಂದು ಸಲ ತಳ್ಳಿದೆ. ಮೆಟ್ಟಿಲಿಗೆ ತಲೆ ತಾಗಿತು. ಜೇಬಲ್ಲಿದ್ದ ದಬ್ಬಳ, ದಾರ ಹಿಡಿದು ಮೂರನೇದನ್ನ ಸರಿಯಾಗಿ ಬರೆದೆ, ಅವರು ಸತ್ತೇಹೋದ್ರು ಅಂದ್ಕೊಂಡು."

"ಸತ್ತಿರಲಿಲ್ಲ," ಎಂದರು ಅತ್ತಿಗೆ. "ಸತ್ತವರ ರಕ್ತ ಹರಿಯಲ್ಲ. ನೀವು ಬಿಲ್ಲೆ ಬರೆದು ಮುಗಿಸಿ ಅದರ ಮೇಲೆ ಮಲಗಿಸಿದಾಗ್ಲೂ ಅವರ ಗಾಯ ಹರೀತಿತ್ತು, ಕಡ್ಡಿಗಳ ಸಂದಿಗೆ ಇಳಿದಿದೆ. ಎರಡು ಗಂಟೆ ಬದುಕಿದ್ರು ಅಂತ ಡಾಕ್ಟರ್ ಹೇಳ್ತಾರೆ. ಆಸ್ಪತ್ರೆ ಕಾಲು ಗಂಟೆ ದಾರಿ. ಆ ಎರಡು ಗಂಟೆ ನೀವು ಗೋಧಿ ತುಳೀತಾ ಇದ್ರಿ."

ಬೈಂಡರ್ ಡಾಕ್ಟರ ಮುಖ ನೋಡಿದ. ಡಾಕ್ಟರ್ ಹೌದೆಂದು ತಲೆಯಾಡಿಸಿದರು. ಆಗ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರ್ ಎಬ್ಬಿಸುವವರೆಗೂ ತೆಗೆಯಲಿಲ್ಲ.

ಅವನನ್ನು ಹಿಂಬಾಗಿಲಿಂದ ಕರೆದೊಯ್ದರು. ಆದರೆ ಮಗಳು ಮುಂಬಾಗಿಲಿಗೇ ನಡೆದಳು. ಫೋಟೋಗ್ರಾಫರ್ ಅಡ್ಡ ನಿಂತಾಗ ಅತ್ತಿಗೆ "ಬಿಡು" ಎಂದರು. ಅವಳು ಮೆಟ್ಟಿಲ ಮೇಲೆ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಫೋಟೋಗ್ರಾಫರ್ ಅವಳ ಪಕ್ಕದಲ್ಲೇ ನಿಂತ. ಮುಂದಿನ ಸಾಲಿನ ಒಬ್ಬನ ಮುಷ್ಟಿಯಲ್ಲಿ ಕಲ್ಲಿತ್ತು. ಅವನು ಅದನ್ನು ಎಸೆಯಲಿಲ್ಲ, ಕೆಳಗೂ ಹಾಕಲಿಲ್ಲ, ಹಾಗೇ ಹಿಡಿದುಕೊಂಡು ಮನೆಗೆ ಹೋದ. ಜನ ಒಬ್ಬೊಬ್ಬರಾಗಿ ಚದುರಿದರು. ಕೊನೆಗೆ ಉಳಿದ ಒಬ್ಬ ಮುದುಕಿ ಹತ್ತಿರ ಬಂದು ಮಗಳ ಗಲ್ಲ ಸವರಿದಳು.

"ನೊಂದ್ಕೋಬೇಡ ಮಗಳೇ. ಬರೆದದ್ದು ನೀನೇ ಇರಬಹುದು. ನಿನ್ನ ಕೈಲಿ ಬರೆಸಿದವರು ಆಕಾಶದವರೇ."

ಮಗಳು ಆ ಮುದಿ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

ಆಗ ಹೊಲದ ಯಜಮಾನ ಕೋಳ ಬಿಚ್ಚಿದ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಹೊರಗೆ ಬಂದ. ಮಗಳು ಅವನ ಮುಂದೆ ತಲೆ ತಗ್ಗಿಸಿದಳು. ಅವನು ಹೊಲದ ಕಡೆಗೊಮ್ಮೆ ನೋಡಿದ.

"ನಾಡಿದ್ದು ಕಟಾವು," ಎಂದ ಆಮೇಲೆ. "ಬಿದ್ದ ಗೋಧಿ ಯಂತ್ರಕ್ಕೆ ಸಿಗಲ್ಲ, ಕೈಯಲ್ಲೇ ಕೊಯ್ಯಬೇಕು. ಮೂರು ವೃತ್ತ ಇದೆ. ಅಪ್ಪನ ಸಂಸ್ಕಾರ ಮುಗಿಸ್ಕೊಂಡು ಬಾ."

ಅವಳು ಬಂದಳು. ಫೋಟೋಗ್ರಾಫರ್ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಕುಡುಗೋಲು ಹಿಡಿದು ಹೋದ. ಅತ್ತಿಗೆಯೂ ಸೆರಗು ಸಿಕ್ಕಿಸಿ ಬಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಎರಡು ವೃತ್ತ ಮುಗಿದಿದ್ದವು. ಮೂರನೆಯದರ ಅಂಚಿಗೆ ಬಂದಾಗ ಎಲ್ಲರೂ ನಿಂತರು. ಮಗಳು ಒಬ್ಬಳೇ ಒಳಗೆ ಹೋಗಿ, ಹೊರಗಿನ ಉಂಗುರದಿಂದ ಕೊಯ್ಯಲು ಶುರುಮಾಡಿದಳು.