ಅಜ್ಜಿಯ ಹೆಚ್ಚು, ಸ್ಕೂಲಿನ ಹೆಚ್ಚು

"ಹಿಡ್ಕೋ, ಹಿಡ್ಕೋ, ಬಿಡ್ತಾ ಇದೀನಿ," ಅಂದ ಅಪ್ಪ ಅಟ್ಟದ ಮೇಲಿಂದ.

ಜಗದಾಂಬಾ ಎರಡೂ ಕೈ ಚಾಚಿದಳು. ಕೈಗೆ ಬಂದದ್ದು ಸೈಕಲ್ಲಿನ ಹಳೇ ಮಡ್‌ಗಾರ್ಡು. ಅದರ ಬೆನ್ನಿಗೇ ಒಂದು ಬುಟ್ಟಿಯಷ್ಟು ಧೂಳು ಬಂತು. ಅವಳು ಸೀನಿದಳು. ಸ್ಟೂಲು ಹಿಡಿದು ನಿಂತಿದ್ದ ಅಮ್ಮನೂ ಸೀನಿದಳು. ಸ್ಟೂಲು ಅಲ್ಲಾಡಿತು. ಅಪ್ಪನೂ ಸೀನಿ, ಸೂರಿನ ತೊಲೆಗೆ ತಲೆ ಕುಟ್ಟಿಕೊಂಡ.

ಆ ಗಡಿಬಿಡಿಯಲ್ಲಿ ಅಮ್ಮನ ಕೈ ಗೋಡೆಗೆ ತಗುಲಿ ಹಸಿರು ಬಳೆಯೊಂದು ಟಿಕ್ ಅಂದಿತು.

"ಅಮ್ಮ, ನಿನ್ನ ಬಳೆ ಒಡೀತು," ಅಂದಳು ಜಗದಾ.

"ಹೆಚ್ಚಿತು ಅನ್ನು," ಅಂತ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ಬಳೆ ಎಲ್ಲಾದ್ರೂ ಒಡೆಯುತ್ತೇನೇ? ಹೆಚ್ಚುತ್ತೆ."

ಅಜ್ಜಿ ಅಕ್ಕಯ್ಯಮ್ಮನ ಮಾತೇ ಹಾಗೆ. ಅವಳ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಕುಂಕುಮ ಮುಗಿಯುವುದಿಲ್ಲ. ಎಲ್ಲಾ ಹೆಚ್ಚುತ್ತದೆ. ಕೆಟ್ಟ ಮಾತು ಮನೆಯಲ್ಲಿ ಸುಳಿಯಬಾರದು ಅಂತ ಹಿಂದಿನವರು ಮಾಡಿಕೊಂಡ ಏರ್ಪಾಟು ಅದು. ಜಗದಾಗೆ ಮಾತ್ರ ಅದರಿಂದ ಒಂದು ಸಲ ಪೇಚಾಟ ಆಗಿತ್ತು. ಸ್ಲೇಟು ಕೈಜಾರಿ ಎರಡು ಹೋಳಾದಾಗ ಕ್ಲಾಸಿನಲ್ಲಿ ಎದ್ದು ನಿಂತು "ಮಿಸ್, ನನ್ನ ಸ್ಲೇಟು ಹೆಚ್ಚಿತು" ಅಂದುಬಿಟ್ಟಿದ್ದಳು. ಹಾಗಾದರೆ ಹೆಚ್ಚಾದದ್ದನ್ನು ಪಕ್ಕದವಳಿಗೆ ಕೊಡು ಅಂದಿದ್ದರು ಮಿಸ್ಸು. ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಅವತ್ತಿನಿಂದ ಜಗದಾ ಎರಡು ಲೆಕ್ಕ ಇಟ್ಟುಕೊಂಡಿದ್ದಳು. ಬಳೆ, ಕುಂಕುಮಕ್ಕೆಲ್ಲ ಅಜ್ಜಿಯ ಹೆಚ್ಚು. ಮಿಕ್ಕ ಎಲ್ಲದಕ್ಕೂ ಸ್ಕೂಲಿನ ಹೆಚ್ಚು, ಅಂದರೆ ಜಾಸ್ತಿ.

ಇವತ್ತು ಭಾನುವಾರ. ಅಪ್ಪ ನಂಜುಂಡಪ್ಪನಿಗೆ ಕಾರ್ಖಾನೆ ರಜ. ಒಳಕೋಣೆಯನ್ನು ಹಸನು ಮಾಡಲೇಬೇಕು ಅಂತ ಜಗದಾ ಬೆಳಗ್ಗೆಯೇ ಎಲ್ಲರನ್ನೂ ಎಬ್ಬಿಸಿದ್ದಳು. ಅವಳ ಅವಸರಕ್ಕೆ ಕಾರಣ ಇತ್ತು. ಆ ಕಾರಣದ ಹೆಸರು ಬೋರಿ.

ಬೋರಿ ಅಂದರೆ ಬೋರಮ್ಮ, ಮಾಗಡಿ ಕಡೆ ಹಳ್ಳಿಯಲ್ಲಿರುವ ರಾಮಕ್ಕತ್ತೆಯ ಮಗಳು. ಜಗದಾಳಷ್ಟೇ ವಯಸ್ಸು, ಜಗದಾಳಷ್ಟೇ ಬಾಯಿ. ಯುಗಾದಿಯ ಹೊತ್ತಿಗೆ ಅತ್ತೆ ಕಾಗದ ಬರೆಸಿದ್ದಳು. ಬೋರಿ ನಾಲ್ಕನೇ ಕ್ಲಾಸು ಪಾಸಾದಳು, ನಮ್ಮೂರಲ್ಲಿ ಸ್ಕೂಲು ಇರೋದೇ ಅಲ್ಲೀವರೆಗೆ, ನಿಮ್ಮ ಹತ್ತಿರ ಇಟ್ಟುಕೊಂಡು ಓದಿಸ್ತೀರಾ, ಇಲ್ಲವಾದರೆ ಮೇಕೆ ಹಿಂದೆ ಕಳಿಸ್ತೀವಿ ಅಂತ. ಅಪ್ಪ ಅವತ್ತೇ ಕಾರ್ಡು ತಂದು "ಕ್ಷೇಮ. ಒಳಕೋಣೆಯಲ್ಲಿ ಸ್ವಲ್ಪ ಜಾಗವಾದ ಕೂಡಲೇ" ಅಂತ ಬರೆದ. ಅಲ್ಲಿಗೆ ನಿಂತುಹೋಯಿತು. ಜಾಗವೂ ಆಗಲಿಲ್ಲ, ಕಾರ್ಡೂ ಹೋಗಲಿಲ್ಲ. ಕಾಗದ ಚುಚ್ಚಿಡುವ ತಂತಿಯಲ್ಲಿ ಅದು ಹಾಗೇ ನೇತಾಡುತ್ತಿತ್ತು. ಸ್ಕೂಲು ತೆರೆಯುವ ದಿನ ಮಾತ್ರ ಹತ್ತಿರ ಹತ್ತಿರ ಬರುತ್ತಿತ್ತು.

ಜಗದಾ ಮತ್ತು ಅಜ್ಜಿ ಮಲಗುವುದು ಆ ಒಳಕೋಣೆಯಲ್ಲೇ. ಜಗದಾ ಮಂಡಿ ಮಡಚಿಕೊಂಡೇ ಮಲಗಬೇಕು. ನಿದ್ದೆಯಲ್ಲಿ ಕಾಲು ಚಾಚಿದರೆ ಅಪ್ಪನ ಸೈಕಲ್ ರಿಮ್ಮುಗಳು ಗುಂಯ್ ಅನ್ನುತ್ತಿದ್ದವು. ಕೈ ಚಾಚಿದರೆ ಅಮ್ಮನ ಖಾಲಿ ಡಬ್ಬಗಳು ಸಾಲಾಗಿ ಉರುಳುತ್ತಿದ್ದವು. ಇನ್ನುಳಿದ ಮೂಲೆಯ ತುಂಬ ಅಜ್ಜಿಯ ಗುಡಾಣ. ರಾಗಿ ತುಂಬಿಡುವ ಮಣ್ಣಿನ ಮಡಕೆ ಅದು, ಜಗದಾಳ ಗಲ್ಲದಷ್ಟು ಎತ್ತರ. ಹೊಟ್ಟೆಯಂತೂ ಮದುವೆಮನೆ ಅಡುಗೆಭಟ್ಟರ ಹೊಟ್ಟೆಯ ಹಾಗೆ. ಅದರ ಬಾಯಿ ಮೇಲೆ ಸದಾ ಮರದ ಮುಚ್ಚಳ. "ಅಜ್ಜಿ, ಇದರಲ್ಲಿ ಏನಿದೆ?" ಅಂತ ಜಗದಾ ಯಾವಾಗ ಕೇಳಿದರೂ ಒಂದೇ ಉತ್ತರ. "ರಾಗಿ ಹೆಚ್ಚಿದೆ ಮಗ, ಮುಚ್ಚಳ ತೆಗೀಬೇಡ."

ಹತ್ತು ಗಂಟೆಯ ಹೊತ್ತಿಗೆ ಅಟ್ಟದ ಸಾಮಾನೂ ಕೆಳಗೆ ಬಂದು, ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ಆಗ ಶುರುವಾಯಿತು, ಮೊದಲು ಯಾವುದನ್ನು ಹೊರಗೆ ಹಾಕೋದು ಅನ್ನುವ ಜಗಳ.

ಡಬ್ಬ ಮೊದಲು ಹೋಗಲಿ ಅಂದ ಅಪ್ಪ. ಡಬ್ಬ ಅಡುಗೆಮನೆಗೆ ಬೇಕು, ಚಕ್ರವಿಲ್ಲದ ಸೈಕಲ್ಲೂ ಸೈಕಲ್ಲಿಲ್ಲದ ಚಕ್ರವೂ ಯಾರಿಗೆ ಬೇಕು ಅಂದಳು ಅಮ್ಮ ವಿಮಲಮ್ಮ. ಅಪ್ಪ ಒಂದು ತುಕ್ಕು ಹಿಡಿದ ಬೆಲ್ಲು ಎತ್ತಿ, ಇದು ಎಂಥಾ ಬೆಲ್ಲು ಗೊತ್ತಾ ಅಂತ ಬಾರಿಸಿ ತೋರಿಸಿದ. ಬೆಲ್ಲು ಕರ್ರ್ ಅಂತ ಕೆಮ್ಮಿತು.

ಅಷ್ಟರಲ್ಲಿ ಬೀದಿಯಲ್ಲಿ "ಖಾಲಿ ಶೀಶೆ, ಹಳೇ ಕಬ್ಬಿಣಾ" ಅಂತ ಕೂಗು ಕೇಳಿತು. ಮುನಿಯಣ್ಣ ಬಂದಿದ್ದ. ಸರಿ, ಎಲ್ಲಾ ಇವನಿಗೇ ಕೊಟ್ಟುಬಿಡಬಹುದು ಅಂತ ಜಗದಾ ಓಡಿ ಕರೆತಂದಳು. ಅಮ್ಮ ಬಹಳ ಹೊತ್ತು ಚೌಕಾಸಿ ಮಾಡಿ ಮೂರು ಸಣ್ಣ ಡಬ್ಬ ಕೊಟ್ಟಳು, ಬದಲಿಗೆ ಒಂದು ದೊಡ್ಡ ಡಬ್ಬ ತಗೊಂಡಳು. ಅಪ್ಪ ಮುನಿಯಣ್ಣನ ಗೋಣಿಚೀಲ ಕೆದಕಿ, ತನಗೆ ಬೇಕಾಗಿದ್ದ ಪೆಡಲು ಸಿಕ್ಕಿತು ಅಂತ ಕುಣಿದಾಡಿದ. ಅಜ್ಜಿ ಅವನಿಗೆ ಮಜ್ಜಿಗೆ ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡು, "ಅಮ್ಮಣ್ಣಿ, ಬಿಸಿಲು ಜಾಸ್ತಿ. ಈ ಚೀಲ ಇಲ್ಲೇ ಇರ್ಲಿ, ಆಮೇಲೆ ಬಂದು ತಗೊಂಡು ಹೋಗ್ತೀನಿ," ಅಂತ ಚೀಲವನ್ನೂ ಒಳಕೋಣೆಯಲ್ಲೇ ಇಳಿಸಿ ಹೋದ.

ಜಗದಾ ಚೀಲ ನೋಡಿದಳು, ಪೆಡಲು ನೋಡಿದಳು, ದೊಡ್ಡ ಡಬ್ಬ ನೋಡಿದಳು. ಬೋರಿ ಮೇಕೆಗಳ ಹಿಂದೆ ಹೋಗುವುದು ಕಣ್ಣಿಗೆ ಕಟ್ಟಿದ ಹಾಗಾಯಿತು.

"ಹಿಂಗಾದ್ರೆ ಆಗಲ್ಲ, ಓಟು ಹಾಕೋಣ," ಅಂದಳು.

ಆ ವರ್ಷದ ಮೊದಲಲ್ಲೇ ದೊಡ್ಡ ಎಲೆಕ್ಷನ್ನು ನಡೆದಿತ್ತು. ಜಗದಾಳ ಸ್ಕೂಲಿನಲ್ಲೇ ಓಟಿನ ಡಬ್ಬಗಳನ್ನು ಇಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಡಬ್ಬ, ಡಬ್ಬದ ಮೇಲೆ ಅವರವರ ಗುರುತು. ಅಜ್ಜಿ ಹೊಸ ಸೀರೆ ಉಟ್ಟು ಹೋಗಿ ಓಟು ಹಾಕಿ ಬಂದು, ಬೆರಳಿನ ಮಸಿಯನ್ನು ಬೀದಿಗೆಲ್ಲ ತೋರಿಸಿದ್ದಳು. ಮಸಿ ಹೋಗುತ್ತೆ ಅಂತ ಪಾತ್ರೆ ತೊಳೆಯಲು ಒಪ್ಪಿರಲಿಲ್ಲ. ಹಾಗಾಗಿ ಓಟು ಅಂದ ಕೂಡಲೇ ಎಲ್ಲರಿಗಿಂತ ಮೊದಲು ಹುರುಪಾದವಳು ಅವಳೇ. ಸೆರಗು ಸರಿಮಾಡಿಕೊಂಡು ಬಂದಳು.

ಡಬ್ಬಗಳಿಗೇನು ಬರವೇ? ಜಗದಾ ಮೂರು ಆರಿಸಿ ಸೀಮೆಸುಣ್ಣದಲ್ಲಿ ಗುರುತು ಬರೆದಳು. ಒಂದಕ್ಕೆ ಚಕ್ರ, ಒಂದಕ್ಕೆ ಡಬ್ಬ, ಒಂದಕ್ಕೆ ಗುಡಾಣ. ನಿಂದೂ ಒಂದು ಬಳೆಚೂರಿನ ಗಂಟಿದೆಯಲ್ಲ ಅಂತ ಅಮ್ಮ ಕೆಣಕಿದಳು. ಅದು ಎಲೆಕ್ಷನ್ನಿಗೆ ನಿಲ್ಲುವಷ್ಟು ದೊಡ್ಡದಾಗಿಲ್ಲ ಅಂತ ಅಪ್ಪ ಮಗಳ ಪರವಾಗಿ ತೀರ್ಪು ಕೊಟ್ಟ. ಒಬ್ಬರಿಗೆ ಒಂದು ಅವರೆಕಾಳು. ಒಬ್ಬೊಬ್ಬರೇ ಕೋಣೆಗೆ ಹೋಗಿ, ಯಾವುದು ಮೊದಲು ಹೋಗಬೇಕೋ ಆ ಡಬ್ಬಕ್ಕೆ ಕಾಳು ಹಾಕಿ ಬರಬೇಕು. ಬಾಗಿಲಲ್ಲಿ ಜಗದಾ ಬಟ್ಟೆಗೆ ಹಾಕುವ ನೀಲಿ ಕಲಸಿಕೊಂಡು ಕೂತು ಬೆರಳಿಗೆ ಹಚ್ಚಿದಳು. ಅಪ್ಪ ಕಳ್ಳ ಓಟು ಹಾಕಲು ಎರಡನೇ ಸಲ ಬಂದು ಸಿಕ್ಕಿಬಿದ್ದ. ಅವನ ಮೂಗಿಗೂ ನೀಲಿ ಬಿತ್ತು.

ಜಗದಾ ತನ್ನ ಕಾಳನ್ನು ಗುಡಾಣಕ್ಕೆ ಹಾಕಿದಳು. ಅದು ಹೋದರೆ ಬೋರಿಯ ಚಾಪೆಗೆ ಅಳತೆ ಮಾಡಿಟ್ಟಷ್ಟು ಜಾಗ ಆಗುತ್ತಿತ್ತು.

ಎಲ್ಲರನ್ನೂ ಕೂರಿಸಿಕೊಂಡು ಡಬ್ಬಗಳನ್ನು ಬೋರಲು ಹಾಕಿದಳು. ಚಕ್ರಕ್ಕೆ ಒಂದು ಕಾಳು. ಡಬ್ಬಕ್ಕೆ ಒಂದು ಕಾಳು. ಗುಡಾಣಕ್ಕೆ ಎರಡು.

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು. ಇಬ್ಬರ ನಗುವೂ ನಿಂತುಹೋಯಿತು. "ಅವ್ವ, ನಾನಂತೂ ಅದಕ್ಕೆ ಹಾಕಿಲ್ಲ," ಅಂದ ಅಪ್ಪ. ದೇವರಾಣೆಗೂ ನಾನಲ್ಲ ಅತ್ತೆ ಅಂದಳು ಅಮ್ಮ.

ಅಜ್ಜಿ ತನ್ನ ನೀಲಿ ಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

"ನಾನೇ ಹಾಕ್ದೆ ಕಣೋ," ಅಂದಳು. "ರಾಮಕ್ಕನ ಮಗಳಿಗಿಂತ ಮಡಕೆ ದೊಡ್ಡದಾ? ಅದೇ ಮೊದಲು ಹೋಗ್ಲಿ."

ಅಪ್ಪ ಎದ್ದು ಗುಡಾಣವನ್ನು ತಬ್ಬಿಕೊಂಡು ಬಾಗಿಲ ಕಡೆ ನೋಡಿದ. ಆಮೇಲೆ ಬಾಗಿಲು ನೋಡಿ ಗುಡಾಣ ನೋಡಿದ. ಬಾಗಿಲಿಗಿಂತ ಗುಡಾಣದ ಹೊಟ್ಟೆಯೇ ಅಗಲ. ಈ ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ಕೂರಿಸುವ ಮೊದಲೇ ಅಜ್ಜಿ ಅದನ್ನು ಗಾಡಿಯಲ್ಲಿ ತಂದು ಒಳಗೆ ಇಡಿಸಿಬಿಟ್ಟಿದ್ದಳು. ಈಗ ಹೊರಗೆ ತರುವುದಕ್ಕೆ ಒಂದೇ ದಾರಿ. ಆದರೆ ಆ ಮಾತನ್ನು ಈ ಮನೆಯಲ್ಲಿ ಆಡುವ ಹಾಗಿಲ್ಲ.

ಅಪ್ಪ ತಲೆ ಕೆರೆದುಕೊಂಡ. "ಅವ್ವ, ಇದನ್ನ... ಹೆಚ್ಚಿಸಬೇಕಾಗುತ್ತೆ," ಅಂದ.

ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಮೊದಲು ನಕ್ಕವಳು ಅಜ್ಜಿಯೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡಳು, ಕೆನ್ನೆಗೂ ನೀಲಿಯಾಯಿತು.

ಜಗದಾಗೆ ಬೇರೆ ಚಿಂತೆ. ಏನೇ ಮಾಡಬೇಕಾದರೂ ಒಳಗಿರುವ ಅಷ್ಟೊಂದು ರಾಗಿಯನ್ನು ಮೊದಲು ಚೀಲಕ್ಕೆ ತುಂಬಬೇಕಲ್ಲ. ಅವಳು ಮೊರ ಹಿಡಿದು ಸ್ಟೂಲು ಹತ್ತಿಬಿಟ್ಟಳು. ಅಪ್ಪ ಬೇಡ ಅನ್ನುವಷ್ಟರಲ್ಲಿ ಮುಚ್ಚಳ ಸರಿಸಿ ಒಳಗೆ ಬಗ್ಗಿದಳು. ರಾಗಿ ಕೈಗೆ ಸಿಗಲಿಲ್ಲ. ಇನ್ನೂ ಬಗ್ಗಿದಳು. ಕಾಲು ಮೇಲೆದ್ದಿತು. ಜಗದಾ ಗುಡಾಣದೊಳಗೆ ಹೋದಳು.

"ಅಜ್ಜೀ," ಅಂದಳು ಒಳಗಿಂದ. ಗುಡಾಣವೂ "ಜ್ಜೀ" ಅಂದಿತು.

ಒಳಗೆ ತಂಪಾಗಿತ್ತು. ರಾಗಿಯ ವಾಸನೆ ಇತ್ತು, ರಾಗಿ ಇರಲಿಲ್ಲ. ತಳದಲ್ಲಿ ಬಟ್ಟೆಯ ಒಂದು ಸಣ್ಣ ಗಂಟು ಕೈಗೆ ಸಿಕ್ಕಿತು. ಮುಟ್ಟಿ ನೋಡಿದಳು, ಒಂದು ಹಿಡಿ ರಾಗಿ. ಅಷ್ಟೇ.

ಜಗದಾ ಗಂಟು ಹಿಡಿದು ಕತ್ತಲಲ್ಲಿ ಸುಮ್ಮನೆ ಕೂತಳು. ಅವರ ಮನೆಯ ಹೊಲ ಇದ್ದದ್ದು ಇಲ್ಲೇ, ರಾಜಾಜಿನಗರದಲ್ಲೇ. ಬಡಾವಣೆ ಮಾಡುವಾಗ ಹೊಲ ಹೋಗಿ, ಈಗ ಅದರ ಮೇಲೆ ಎರಡು ಅಡ್ಡರಸ್ತೆ ಹೋಗಿವೆ. ನಮ್ಮ ಅವರೆ ಸಾಲಿನ ಮೇಲೆ ಸೋಡಾ ಅಂಗಡಿ ಇಟ್ಟವ್ರೆ ಅಂತ ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಅಪ್ಪ ತಿಂಗಳು ತಿಂಗಳೂ ಅಂಗಡಿಯಿಂದ ರಾಗಿ ತರುತ್ತಿದ್ದ. ಗುಡಾಣದಲ್ಲಿ ಅಷ್ಟಿರುವಾಗ ಅಂಗಡಿಯಿಂದ ಯಾಕೆ ಅಂತ ಜಗದಾಗೆ ಒಂದು ದಿನವೂ ಹೊಳೆದಿರಲಿಲ್ಲ. ರಾಗಿ ಹೆಚ್ಚಿದೆ ಮಗ, ಮುಚ್ಚಳ ತೆಗೀಬೇಡ.

ಮೇಲೆ ದುಂಡನೆಯ ಬೆಳಕಿನಲ್ಲಿ ಅಜ್ಜಿಯ ಮುಖ ಕಾಣಿಸಿತು, ನೀಲಿ ಕೆನ್ನೆಯ ಮುಖ. ಏನೂ ಕೇಳದೆ ಸುಮ್ಮನೆ ನೋಡುತ್ತಿತ್ತು.

"ಹೌದಜ್ಜಿ," ಅಂದಳು ಜಗದಾ. "ರಾಗಿ ಹೆಚ್ಚಿದೆ."

ಅಜ್ಜಿ ಕೈ ಒಳಗೆ ಚಾಚಿ ಗಂಟು ಇಸಕೊಂಡಳು. "ಪೂರ್ತಿ ಬರಿದು ಬಿಡಬಾರದಲ್ಲ, ಅದಕ್ಕೇ ಒಂದು ಹಿಡಿ ಇಟ್ಟಿದ್ದೆ," ಅಂದಳು. "ಅಲ್ಲಿ ಜಾಗ ಎಷ್ಟಿದೆ ನೋಡೇ."

ಜಗದಾ ಎದ್ದು ನಿಂತು ಗಿರಗಿರ ತಿರುಗಿದಳು. "ತುಂಬಾ ಇದೆ. ಬೋರಿ ಬಂದ್ರೆ ಅವಳೂ ಹಿಡೀತಾಳೆ."

"ಬೋರಿ ಬೇಡ. ನೀನು ಈಚೆ ಬಾ, ನಿಮ್ಮಮ್ಮನ ಡಬ್ಬ ಹಾಕೋಣ."

ಆಮೇಲೆ ನಡೆದದ್ದನ್ನು ಹೇಳಿ ಪೂರೈಸುವುದಿಲ್ಲ. ಅಪ್ಪ ಕೊಟ್ಟ, ಅಮ್ಮ ತಗೊಂಡಳು, ಜಗದಾ ಹಾಕಿದಳು. ಸಣ್ಣ ಡಬ್ಬ ದೊಡ್ಡ ಡಬ್ಬದೊಳಗೆ, ದೊಡ್ಡ ಡಬ್ಬ ಗುಡಾಣದೊಳಗೆ, ನಡುವಿನ ಸಂದಿಗೆ ಸೈಕಲ್ ಟ್ಯೂಬು, ಚೈನು, ಕೆಮ್ಮುವ ಬೆಲ್ಲು. ಬಾಯಿ ಹಿಡಿಸದ ರಿಮ್ಮುಗಳನ್ನು ಅಪ್ಪ ಗುಡಾಣದ ಕೊರಳಿಗೆ ಬಳೆ ತೊಡಿಸಿದ ಹಾಗೆ ತೊಡಿಸಿದ. ಎಲ್ಲಾ ತುಂಬಿದ ಮೇಲೆ ಮುನಿಯಣ್ಣ ಬಂದು ನನ್ನ ಚೀಲ ಎಲ್ಲಿ ಅಂದ. ಚೀಲವೂ ಒಳಗೆ ಹೋಗಿತ್ತು. ಮತ್ತೆ ಎಲ್ಲಾ ಹೊರಗೆ, ಮತ್ತೆ ಎಲ್ಲಾ ಒಳಗೆ. ಎಲ್ಲಕ್ಕಿಂತ ಮೇಲೆ ಅಜ್ಜಿ ತನ್ನ ರಾಗಿಯ ಗಂಟು ಇಟ್ಟು ಮುಚ್ಚಳ ಮುಚ್ಚಿದಳು. ಎಷ್ಟೋ ದಿನದ ಮೇಲೆ ಗುಡಾಣ ಕಂಠಮಟ್ಟ ತುಂಬಿ ಕೂತಿತ್ತು.

ಜಗದಾ ಎರಡು ಚಾಪೆ ಹಾಸಿ, ಒಂದರ ಮೇಲೆ ಕಾಲು ಚಾಚಿ ಮಲಗಿ ನೋಡಿದಳು. ಏನೂ ಗುಂಯ್ ಅನ್ನಲಿಲ್ಲ.

ಅಪ್ಪ ತಂತಿಯಿಂದ ಕಾರ್ಡು ಬಿಡಿಸಿ, ಮಸಿ, ಲೇಖನಿ ಅವಳ ಕೈಗೇ ಕೊಟ್ಟ. ಅರ್ಧಕ್ಕೆ ನಿಂತಿದ್ದ ಸಾಲು ಹೊಡೆದುಹಾಕಿಸಿ, ಬೋರಿಯನ್ನು ಕೂಡಲೇ ಕಳಿಸು ಅಂತ ಬರೆಸಿದ. ಜಾಗ ಇದೆ ಅಂತಲೂ ಬರಿ ಅಂದ.

"ಬರೀ ಇದೆ ಅಂದ್ರೆ ಸಾಲದು," ಅಂದಳು ಅಜ್ಜಿ. "ಜಾಗ ಹೆಚ್ಚಿದೆ ಅಂತ ಬರಿ."

ಜಗದಾ ಹಾಗೇ ಬರೆದಳು. ಬರೆದು ಲೇಖನಿ ಕಚ್ಚಿಕೊಂಡಳು.

"ಯಾವ ಹೆಚ್ಚು ಅಜ್ಜಿ? ನಿಂದಾ, ಸ್ಕೂಲಿಂದಾ? ರಾಮಕ್ಕತ್ತೆ ನಿನ್ನ ಮಗಳು. ಜಾಗ ಮುಗಿದೋಗಿದೆ ಅಂತ ತಿಳ್ಕೊಂಡು ಬೋರೀನ ಮೇಕೆ ಹಿಂದೆ ಕಳಿಸಿಬಿಟ್ರೆ?"

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿದಳು. "ಹೌದಲ್ವೇನೇ," ಅಂದಳು.

ಕಾರ್ಡಿನ ಕೊನೆಗೆ ಒಂದು ಬೆರಳಿನಷ್ಟು ಖಾಲಿ ಜಾಗ ಉಳಿದಿತ್ತು. ಜಗದಾ ಅಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದಳು: ಅತ್ತೆ, ಇದು ಸ್ಕೂಲಿನ ಹೆಚ್ಚು.

ಪೋಸ್ಟಿನ ಡಬ್ಬ ಇದ್ದದ್ದು ಸೋಡಾ ಅಂಗಡಿಯ ಪಕ್ಕ. ಅಜ್ಜಿಯೂ ಜೊತೆಗೆ ಬಂದಳು. ಜಗದಾ ತುದಿಗಾಲಲ್ಲಿ ನಿಂತು ಕಾರ್ಡನ್ನು ಒಳಗೆ ಬಿಟ್ಟು, ಡಬ್ಬಕ್ಕೆ ಕಿವಿ ಹಚ್ಚಿದಳು. ಕಾರ್ಡು ತಳಕ್ಕೆ ಬಿದ್ದು ಟಪ್ ಅಂದಿತು. ಒಳಗೆ ಬೇರೇನೂ ಇದ್ದ ಹಾಗಿರಲಿಲ್ಲ.

"ತುಂಬಿದೆಯೇನೇ?" ಅಂದಳು ಅಜ್ಜಿ.

ಜಗದಾ ಅಂಗಡಿಯ ಕಡೆ ನೋಡಿದಳು. ಒಂದು ಕಾಲಕ್ಕೆ ತಮ್ಮ ಅವರೆ ಸಾಲಿದ್ದ, ಅಂಗಡಿಯ ಕೆಳಗಿನ ನೆಲ ನೋಡಿದಳು. ಆಮೇಲೆ ಅಜ್ಜಿಯ ನೀಲಿ ಬೆರಳು ಹಿಡಿದುಕೊಂಡಳು.

"ಹೆಚ್ಚಿದೆ ಅಜ್ಜಿ," ಅಂದಳು ಮೆಲ್ಲಗೆ.