ಅರೆ ಒಣಗಿದ ಮಣ್ಣು

ಮೂರನೆಯ ದಿನವೂ ಅವನು ಬಂದು ಮಣ್ಣು ನೆನೆಹಾಕಿದ್ದ ಅದೇ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅವಳು ಮಡಕೆ ತಿದ್ದುತ್ತ, ತಿರುಗುತ್ತಿದ್ದ ತಿಗರಿಯಿಂದ ಕಣ್ಣೆತ್ತಲಿಲ್ಲ. ಆದರೂ ಅವನು ಮಡಚಿದ ಅಂಗಿತೋಳು, ಕತ್ತಿನ ಬೆವರು ಎಲ್ಲವನ್ನೂ ಕಂಡಳು.

“ಗುರುಪುತ್ರಿ, ಇದಿನ್ನೂ ಕಲ್ಲೇ.”

“ಇನ್ನೊಂದಿಷ್ಟು ನೀರು ಹಾಕು, ಶಿಷ್ಯ.”

ಅವಳ ಅಪ್ಪ ತೀರಿಕೊಳ್ಳುವ ಮುಂಚೆ ಈ ಶಿಷ್ಯನಿಗೆಂದೇ ಕಲಸಿಟ್ಟ ಮಣ್ಣು ಅದು. ಎರಡು ವರ್ಷದ ಹಿಂದೆ ಕಣ್ಣಲ್ಲೇ ಎಲ್ಲ ಹೇಳಿ, ಬಾಯಲ್ಲಿ ಏನೂ ಹೇಳದೆ ಊರು ಬಿಟ್ಟವನು ಈಗ ಅದನ್ನು ಒಯ್ಯಲು ಬಂದಿದ್ದ. ಮುಂದಿನ ತಿಂಗಳು ಅವನ ಮದುವೆ. ಹೆಣ್ಣು ಕೊಡುವ ಮಾವನೇ ಕುಂಬಾರಿಕೆಯ ವರ್ಕ್‌ಶಾಪ್ ಹಾಕಿಕೊಡುತ್ತಿದ್ದಾನೆ. ಮಣ್ಣು ಹದಕ್ಕೆ ಬಂದ ದಿನ ಹೊರಡುತ್ತೇನೆ ಎಂದಿದ್ದ.

ಅಪ್ಪ ಚೀಲದಲ್ಲಿ ಕಟ್ಟಿಟ್ಟಿದ್ದ ಆ ಮಣ್ಣು ಅರೆಬರೆ ಒಣಗಿ ಗಟ್ಟಿಯಾಗಿತ್ತು. ಅಂಥ ಮಣ್ಣು ವಾರಗಟ್ಟಲೆ ನೆನೆದರೂ ನೀರನ್ನು ಒಳಗೆ ಬಿಟ್ಟುಕೊಳ್ಳದು. ಒಡೆದು, ಬಿಸಿಲಿಗೆ ಹರವಿ, ಕೊಂಚವೂ ಪಸೆ ಉಳಿಯದಂತೆ ಒಣಗಿಸಿದರೆ ಮಾತ್ರ ನೀರು ತಾಗಿದ ಕೂಡಲೇ ಕರಗುತ್ತದೆ. ಹಾಗೆಂದು ಅವಳು ಹೇಳಿದ್ದರೆ ಅವನು ಇಂದು ಇಲ್ಲಿರುತ್ತಿರಲಿಲ್ಲ. ಮೂರು ದಿನ ಆ ಸುಳ್ಳನ್ನು ಮಡಿಲಲ್ಲಿ ಕೆಂಡದಂತೆ ಇಟ್ಟುಕೊಂಡಿದ್ದಳು. ಇನ್ನು ಆಗಲಿಲ್ಲ.

“ನಾನು ಸುಳ್ಳು ಹೇಳ್ದೆ. ಹೀಗೆ ನೆನೆಸಿದ್ರೆ ಇದು ಕರಗಲ್ಲ. ಮೊದಲು ಪೂರ್ತಿ ಒಣಗಿಸ್ಬೇಕು.”

“ಗೊತ್ತು,” ಎಂದ ಅವನು, ನೀರಿನಲ್ಲಿ ಬೆರಳಾಡಿಸುತ್ತ. “ನಿಮ್ಮಪ್ಪ ಮೊದಲನೇ ವಾರ ಕಲಿಸಿದ್ದೇ ಅದು.”

ತಿಗರಿ ತಾನಾಗಿ ನಿಂತಿತು.

“ಮತ್ಯಾಕೆ ಮೂರು ದಿನ ನೀರು ಹೊತ್ತೆ?”

“ನೀನ್ಯಾಕೆ ಹೊರಿಸ್ದೆ?”

ಅವಳ ಮುಖ ಒಂದು ಗಳಿಗೆ ಅರಳಿ, ಹಾಗೆಯೇ ಬಾಡಿತು.

“ಹೋಗ್ಬೇಡ ಅನ್ನು,” ಎಂದ ಮೆಲ್ಲಗೆ. “ಉಳ್ಕೋತೀನಿ.”

“ಅಲ್ಲೊಬ್ಳು ನಿನ್ನ ದಾರಿ ಕಾಯ್ತಿದ್ದಾಳೆ. ಅವಳಿಗೇನು ಹೇಳ್ತೀಯ?”

“ನೀನು ತಡೆದೆ ಅಂತ…”

“ನೋಡು, ಅದಕ್ಕೂ ನನ್ನ ಹೆಸರೇ ಬೇಕು ನಿನಗೆ. ಅವತ್ತೂ ಬಾಯಿ ಬಿಡ್ಲಿಲ್ಲ, ಇವತ್ತೂ ನನ್ನ ಬಾಯಲ್ಲೇ ಹೇಳಿಸೋಕೆ ನೋಡ್ತೀಯ. ಬೇಡಿಸ್ಕೊಂಡು ಉಳಿಯೋ ಗಂಡಸು ನನಗೆ ಬೇಡ, ಶಿಷ್ಯ.”

ಅವನು ತಲೆ ತಗ್ಗಿಸಿದ. ‘ಅಲ್ಲ, ನಾನಾಗಿಯೇ ಉಳಿಯುತ್ತೇನೆ’ ಎಂಬ ಒಂದು ಮಾತಿಗಾಗಿ ಅವಳು ಕಾದಳು. ದೇವರ ಮುಂದೆ ನಿಂತವಳಂತೆ ಉಸಿರು ಹಿಡಿದು ಕಾದಳು. ಬರಲಿಲ್ಲ.

ಬಕೆಟ್ಟಿನ ನೀರು ಚೆಲ್ಲಿ, ಮಣ್ಣಿನ ಹೆಂಟೆಯನ್ನು ಅಂಗಳದ ಬಿಸಿಲಿಗೆ ತಂದು, ಒಡೆಯಲು ಮರದ ಕೊಡತಿ ಎತ್ತಿದಳು. ಚೂರು ಸಣ್ಣದಾದಷ್ಟೂ ಮಣ್ಣು ಬೇಗ ಒಣಗುತ್ತದೆ, ಬೇಗ ಕರಗುತ್ತದೆ.

ಅವಳು ಬಹಳ ಸಣ್ಣಗೆ ಒಡೆದಳು.